ಹತ್ತಡಿ ಗಿಡ್ಡವಾದ ಕಂಬಗಳು: ರೋಮಿನ ಪ್ಯಾಂಥಿಯನ್ ಮುಖಮಂಟಪದ ಪ್ರಕರಣ

ರೋಮಿನ ಪ್ಯಾಂಥಿಯನ್ ಫೋಟೋವನ್ನು ಎಲ್ಲಾದರೂ ಒಮ್ಮೆ ನೋಡಿಯೇ ಇರುತ್ತೀರಿ. ಮುಂದೆ ಎಂಟು ದಪ್ಪ ಕಂಬಗಳ ಸಾಲು, ಅದರ ಮೇಲೆ ತ್ರಿಕೋನ, ಹಿಂದೆ ದುಂಡನೆಯ ಕಟ್ಟಡ, ಅದರ ನೆತ್ತಿಗೆ ಗುಮ್ಮಟ. ಆ ಫೋಟೋವನ್ನೇ ಇನ್ನೊಮ್ಮೆ ತೆಗೆದು ನಿಧಾನವಾಗಿ ನೋಡಿ. ಮುಂದಿನ ತ್ರಿಕೋನದ ಹಿಂದೆ, ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ, ಇಟ್ಟಿಗೆ ಗೋಡೆಯ ಮೇಲೆ ಇನ್ನೊಂದು ತ್ರಿಕೋನದ ಗೆರೆ ಕಾಣುತ್ತದೆ. ಮುಂದಿನದಕ್ಕೆ ಚಾವಣಿ ಇದೆ, ಹೊರುವುದಕ್ಕೆ ಕಂಬಗಳಿವೆ. ಹಿಂದಿನದಕ್ಕೆ ಏನೂ ಇಲ್ಲ. ಸುಮ್ನೆ ಗೋಡೆಗೆ ಅಂಟಿಕೊಂಡಿದೆ.

ಒಂದೇ ಕಟ್ಟಡಕ್ಕೆ ಎರಡು ತ್ರಿಕೋನ ಯಾಕೆ? ಅದೂ ಚಕ್ರವರ್ತಿಯೇ ಕಟ್ಟಿಸಿದ, ದುಡ್ಡಿಗೂ ಜನಕ್ಕೂ ಕೊರತೆಯಿಲ್ಲದ ಕಟ್ಟಡದಲ್ಲಿ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಅದು ಈಜಿಪ್ಟಿನ ಮರುಭೂಮಿಯವರೆಗೆ ಕರೆದುಕೊಂಡು ಹೋಗುತ್ತದೆ. ಕಂಬಗಳ ಮುಖಮಂಟಪ ಅಂದರೆ ಅಲಂಕಾರ ಅಂತ ತಿಳಿದವರಿಗೆ ನಾನು ಯಾವಾಗಲೂ ಹೇಳುವ ಪ್ರಕರಣ ಇದು. ಅದೊಂದು ಕಲ್ಲಿನ ಲೆಕ್ಕ, ಸಾಗಣೆಯ ಲೆಕ್ಕ, ಸೈಟಿನ ಮೇಲೆ ನಿಂತವರ ತಲೆನೋವಿನ ಲೆಕ್ಕ ಕೂಡ.

ಕಟ್ಟಡದಲ್ಲಿ ಏನೇನಿದೆ

ಪ್ಯಾಂಥಿಯನ್‌ಗೆ ಮೂರು ಭಾಗ. ಹಿಂದೆ ದುಂಡು ಕಟ್ಟಡ. ಅದರ ಕಾಂಕ್ರೀಟ್ ಗುಮ್ಮಟದ ಅಡ್ಡಳತೆ 43.3 ಮೀಟರ್. ಕಬ್ಬಿಣದ ಸರಳು ಇಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ದೊಡ್ಡದು. ಮುಂದೆ ಮುಖಮಂಟಪ. ಇವೆರಡನ್ನೂ ಜೋಡಿಸುವುದಕ್ಕೆ ನಡುವೆ ಒಂದು ಎತ್ತರದ ಚೌಕಾಕಾರದ ಕಟ್ಟಡ. ನಾನು ಹೇಳಿದ ಎರಡನೇ ತ್ರಿಕೋನ ಇರುವುದು ಈ ನಡುವಿನ ಕಟ್ಟಡದ ಮುಖದ ಮೇಲೆ. ಜನ ಗುಮ್ಮಟ ನೋಡಲು ಒಳಗೆ ಓಡುತ್ತಾರೆ. ಹೊರಗೆ ಬಂದ ಮೇಲೆ ಮುಖಮಂಟಪದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಡುವಿನ ಕಟ್ಟಡವನ್ನು ಕೇಳುವವರಿಲ್ಲ. ನಮ್ಮ ಪ್ರಕರಣದ ಸಾಕ್ಷಿ ಮಾತ್ರ ಬಹುಪಾಲು ಅಲ್ಲೇ ಇದೆ.

ಮುಖಮಂಟಪದಲ್ಲಿ ಒಟ್ಟು 16 ಕಂಬ. ಮುಂದಿನ ಸಾಲಿನಲ್ಲಿ 8, ಅದರ ಹಿಂದೆ ನಾಲ್ಕು ನಾಲ್ಕರ ಎರಡು ಸಾಲು. ಹೀಗೆ ನಿಲ್ಲಿಸಿದ್ದರಿಂದ ಒಳಗೆ ಮೂರು ಓಣಿಗಳಾಗಿವೆ. ನಡುವಿನ ಓಣಿ ನೇರ ಬಾಗಿಲಿಗೆ ಹೋಗುತ್ತದೆ. ಅಕ್ಕಪಕ್ಕದ ಓಣಿಗಳು ಎರಡು ದೊಡ್ಡ ಗೂಡುಗಳ ಮುಂದೆ ನಿಲ್ಲುತ್ತವೆ. ಪ್ರತಿ ಕಂಬದ ಕಾಂಡವೂ, ಅಂದರೆ ಬುಡದ ಪೀಠ, ತಲೆಯ ಬೋದಿಗೆ ಬಿಟ್ಟು ನಡುವಿನ ಉದ್ದನೆಯ ಭಾಗ, ಒಂದೇ ಕಲ್ಲು. ತುಂಡು ತುಂಡು ಜೋಡಿಸಿದ್ದಲ್ಲ. ಕಾಂಡದ ಉದ್ದ 40 ರೋಮನ್ ಅಡಿ. ರೋಮನ್ ಅಡಿ ಅಂದರೆ ಸುಮಾರು 29.6 ಸೆಂಟಿಮೀಟರ್, ನಮ್ಮ ಅಡಿಗಿಂತ ಕೂದಲೆಳೆ ಕಡಿಮೆ. ಅಂದರೆ ಕಾಂಡವೊಂದೇ 11.8 ಮೀಟರ್. ಬೆಂಗಳೂರಿನವರಿಗೆ ಸುಲಭವಾಗಿ ಹೇಳಬೇಕೆಂದರೆ, ವಿಧಾನಸೌಧದ ಮುಂಭಾಗದ 12 ಗ್ರಾನೈಟ್ ಕಂಬಗಳು 40 ಅಡಿ ಎತ್ತರ. ಹೆಚ್ಚು ಕಡಿಮೆ ಅಷ್ಟೇ ಉದ್ದದ ಕಲ್ಲನ್ನು ಒಂದೇ ತುಂಡಾಗಿ ಬಂಡೆಯಿಂದ ಎಬ್ಬಿಸಿ, ಸಮುದ್ರ ದಾಟಿಸಿ, ನಿಲ್ಲಿಸಿದ್ದಾರೆ.

ಮುಂದಿನ ಸಾಲಿನದು ಬೂದು ಗ್ರಾನೈಟ್. ಅದು ಬಂದಿದ್ದು ಈಜಿಪ್ಟಿನ ಪೂರ್ವ ಮರುಭೂಮಿಯ ಮಾನ್ಸ್ ಕ್ಲಾಡಿಯಾನಸ್ ಕ್ವಾರಿಯಿಂದ. ಒಳಗಿನ ಕಂಬಗಳು ಗುಲಾಬಿ ಬಣ್ಣದವು. ಅವು ನೈಲ್ ದಡದ ಆಸ್ವಾನ್‌ನವು. ಮೇಲಿನ ಬೋದಿಗೆ, ಕೆಳಗಿನ ಪೀಠ ಎರಡೂ ಗ್ರೀಸ್ ದೇಶದ ಪೆಂಟೆಲಿಕ್ ಅಮೃತಶಿಲೆ. ಗ್ರಾನೈಟ್ ಗಟ್ಟಿ ಕಲ್ಲು. ಅದಕ್ಕೇ ಕಾಂಡದ ಮೇಲೆ ಉದ್ದ ಗೀರುಗಳನ್ನು ಕೊರೆಯದೆ ನುಣ್ಣಗೆ ಬಿಟ್ಟಿದ್ದಾರೆ. ಅಮೃತಶಿಲೆ ಉಳಿಗೆ ಬೇಗ ಒಗ್ಗುತ್ತದೆ, ಎಲೆ ಬಳ್ಳಿಗಳ ಕೆತ್ತನೆಯೆಲ್ಲ ಬೋದಿಗೆಯಲ್ಲಿದೆ.

ತಪ್ಪಾಗಿ ಓದಿದ ಹೆಸರು

ಕಂಬಗಳ ಮೇಲೆ ದೊಡ್ಡ ಅಕ್ಷರದಲ್ಲಿ ಲ್ಯಾಟಿನ್ ಸಾಲೊಂದಿದೆ. ಲೂಸಿಯಸನ ಮಗ ಮಾರ್ಕಸ್ ಅಗ್ರಿಪ್ಪ, ಮೂರನೇ ಸಲ ಕಾನ್ಸಲ್ (ರೋಮಿನ ಅತಿ ದೊಡ್ಡ ಅಧಿಕಾರಿ) ಆಗಿದ್ದಾಗ ಇದನ್ನು ಕಟ್ಟಿಸಿದ ಅಂತ ಅದರ ಅರ್ಥ. ಅಗ್ರಿಪ್ಪ ಅಗಸ್ಟಸ್ ಚಕ್ರವರ್ತಿಯ ಗೆಳೆಯ, ಅಳಿಯ. ಕ್ರಿಸ್ತಪೂರ್ವ 27ರ ಹೊತ್ತಿಗೆ ಅವನು ಮೂರನೇ ಸಲ ಕಾನ್ಸಲ್ ಆಗಿದ್ದ. ಅವನು ಕಟ್ಟಿಸಿದ್ದು ಕ್ರಿ.ಶ. 80ರಲ್ಲಿ ಸುಟ್ಟಿತು. ಮತ್ತೆ ಕಟ್ಟಿದ್ದು 110ರಲ್ಲಿ ಸಿಡಿಲು ಬಡಿದು ಸುಟ್ಟಿತು. ಈಗ ನಿಂತಿರುವುದು ಅದರ ನಂತರದ್ದು. ಹೆಸರು ಮಾತ್ರ ಅಗ್ರಿಪ್ಪನದೇ ಉಳಿಯಿತು. ಹೇಡ್ರಿಯನ್ ಚಕ್ರವರ್ತಿ ತಾನು ಮತ್ತೆ ಕಟ್ಟಿಸಿದ ಕಟ್ಟಡಗಳ ಮೇಲೆ ಹಳಬರ ಹೆಸರನ್ನೇ ಬಿಡುತ್ತಿದ್ದ.

ಈ ಒಂದು ಸಾಲಿನಿಂದ ಶತಮಾನಗಟ್ಟಲೆ ಗೊಂದಲ ಆಯಿತು. ದುಂಡು ಕಟ್ಟಡಕ್ಕೂ ಮುಖಮಂಟಪಕ್ಕೂ ಹೊಂದಾಣಿಕೆ ಇಲ್ಲ ಅನ್ನೋದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಹಾಗಾದರೆ ಇವು ಬೇರೆ ಬೇರೆ ಕಾಲದವು, ಒಂದನ್ನು ಮೊದಲು ಕಟ್ಟಿ ಇನ್ನೊಂದನ್ನು ಆಮೇಲೆ ಅಂಟಿಸಿದ್ದಾರೆ ಅಂತ ಜನ ಅಂದುಕೊಂಡರು. ಪ್ಯಾಂಥಿಯನ್ ಒಬ್ಬರ ಕೆಲಸ ಅಲ್ಲ, ಮೂವರು ವಾಸ್ತುಶಿಲ್ಪಿಗಳ ಕೈ ಇದರಲ್ಲಿದೆ ಅಂತ ಮೈಕೆಲ್ಯಾಂಜೆಲೊ ಹೇಳುತ್ತಿದ್ದನಂತೆ. ಅವನ ಜೊತೆಗಿದ್ದ ವಸಾರಿ ಇದನ್ನು ಬರೆದಿಟ್ಟಿದ್ದಾನೆ. ಕಣ್ಣು ಸರಿಯಾಗಿಯೇ ಹಿಡಿದಿತ್ತು. ಕಾರಣ ಮಾತ್ರ ಬೇರೆ.

1890ರ ದಶಕದಲ್ಲಿ ರಿಪೇರಿ ನಡೆಯುವಾಗ ಜಾರ್ಜ್ ಶೆಡಾನ್ ಅನ್ನೋ ಫ್ರೆಂಚ್ ವಾಸ್ತುಶಿಲ್ಪಿ ಇಟ್ಟಿಗೆಗಳನ್ನು ಹತ್ತಿರದಿಂದ ನೋಡಿದ. ರೋಮನ್ ಇಟ್ಟಿಗೆಗಳ ಮೇಲೆ ಗೂಡಿನ ಮುದ್ರೆ ಇರುತ್ತದೆ, ಅದರಿಂದ ಕಾಲ ಹೇಳಬಹುದು. ಮುದ್ರೆಗಳು ಅಗ್ರಿಪ್ಪನ ಕಾಲದವಲ್ಲ, ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಈಚಿನವು. 2007ರಲ್ಲಿ ಲಿಸೆ ಹೆಟ್‌ಲಾಂಡ್ ಆ ಮುದ್ರೆಗಳನ್ನು ಮತ್ತೆ ಕೂತು ಓದಿ, ಕೆಲಸ ಶುರುವಾಗಿದ್ದು ಹೇಡ್ರಿಯನ್ ಕಾಲದಲ್ಲಲ್ಲ, ಅವನ ಹಿಂದಿನ ಟ್ರಾಜನ್ ಚಕ್ರವರ್ತಿಯ ಕಾಲದಲ್ಲೇ ಅಂತ ತೋರಿಸಿದರು. ಟ್ರಾಜನ್ ತೀರಿಕೊಂಡಿದ್ದು 117ರಲ್ಲಿ. ಕಟ್ಟಡ ಮುಗಿದಿದ್ದು ಹೇಡ್ರಿಯನ್ ಕಾಲದಲ್ಲಿ, 120ರ ದಶಕದಲ್ಲಿ. ಅಂದರೆ ಕೆಲಸದ ನಡುವೆಯೇ ಯಜಮಾನ ಬದಲಾದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಎಲ್ಲವೂ ಒಂದೇ ಯೋಜನೆಯ ಕಟ್ಟಡ. ಒಂದೇ ಯೋಜನೆ ಅಂದಮೇಲೆ ಹೊಂದಾಣಿಕೆ ತಪ್ಪಿದ್ದು ಹೇಗೆ?

ಐವತ್ತು ಅಡಿಯ ಲೆಕ್ಕ

1987ರಲ್ಲಿ ಪಾಲ್ ಡೇವಿಸ್, ಡೇವಿಡ್ ಹೆಮ್ಸಾಲ್, ಮಾರ್ಕ್ ವಿಲ್ಸನ್ ಜೋನ್ಸ್ ಮೂವರೂ ಸೇರಿ ಒಂದು ಉತ್ತರ ಕೊಟ್ಟರು. ಮುಖಮಂಟಪಕ್ಕೆ ಮೊದಲು ಯೋಚಿಸಿದ್ದು 40 ಅಡಿಯ ಕಾಂಡವಲ್ಲ, 50 ಅಡಿಯದು. ಏನೋ ಆಗಿ 50 ಅಡಿಯ ಕಲ್ಲು ಸಿಗಲಿಲ್ಲ. ಸಿಕ್ಕ 40 ಅಡಿಯದನ್ನೇ ನಿಲ್ಲಿಸಿ ಕೆಲಸ ಮುಗಿಸಿದರು. ಅಷ್ಟರಲ್ಲಿ ಹಿಂದಿನ ಕಟ್ಟಡ ಹಳೆಯ ನಕ್ಷೆಯ ಪ್ರಕಾರ ಮೇಲೆದ್ದಿತ್ತು.

ಕೇಳಲು ಸುಲಭ, ಅಲ್ವಾ? ಇದರ ಬಲ ಇರುವುದು ಲೆಕ್ಕದಲ್ಲಿ. ಈ ತರಹದ, ಬೋದಿಗೆಯಲ್ಲಿ ಎಲೆಗಳ ಕೆತ್ತನೆಯಿರುವ ಕೊರಿಂಥಿಯನ್ ಶೈಲಿಯ ಕಂಬಕ್ಕೆ ರೋಮನ್ನರು ಹೆಚ್ಚಾಗಿ ಬಳಸುತ್ತಿದ್ದ ಅಳತೆ ಒಂದಿತ್ತು. ಕಾಂಡ 5 ಪಾಲಾದರೆ, ಪೀಠ ಬೋದಿಗೆ ಸೇರಿ ಇಡೀ ಕಂಬ 6 ಪಾಲು. ಈಗಿನ ಕಾಂಡ 40 ಅಡಿ, ಪೂರ್ತಿ ಕಂಬ 48 ಅಡಿ. ಲೆಕ್ಕ ಸರಿ. ಕಾಂಡ 50 ಅಡಿಯದಾಗಿದ್ದರೆ ಪೂರ್ತಿ ಕಂಬ 60 ಅಡಿ ಆಗುತ್ತಿತ್ತು. ಅಂದರೆ ಮುಖಮಂಟಪದ ಚಾವಣಿ ಕನಿಷ್ಠ 12 ಅಡಿ ಮೇಲೇರುತ್ತಿತ್ತು. ಹಾಗೆ ಏರಿಸಿ ಚಿತ್ರ ಬರೆದರೆ ಮುಂದಿನ ತ್ರಿಕೋನ ಹಿಂದಿನ ಗೋಡೆಯ ತ್ರಿಕೋನದ ಜಾಗಕ್ಕೆ ಹೋಗಿ ಕೂರುತ್ತದೆ. ದುಂಡು ಕಟ್ಟಡದ ಸುತ್ತ ಮೂರು ಮಟ್ಟದಲ್ಲಿ ಕಾರ್ನಿಸ್ ಪಟ್ಟಿಗಳಿವೆ, ಅಂದರೆ ಗೋಡೆಯಿಂದ ಹೊರಚಾಚಿದ ಅಂಚುಗಳು. ಈಗ ಮುಖಮಂಟಪದ ಪಟ್ಟಿ ಬಂದು ನಡುವಿನ ಕಟ್ಟಡಕ್ಕೆ ಹೊಡೆದು ನಿಂತುಬಿಡುತ್ತದೆ. ಏರಿಸಿದರೆ ಅದು ಹಿಂದಿನ ಪಟ್ಟಿಯ ಜೊತೆ ಒಂದೇ ಗೆರೆಗೆ ಸೇರುತ್ತದೆ. ಮೂರು ಭಾಗದ ಕಟ್ಟಡ ಒಂದಾಗುತ್ತದೆ.

ಇನ್ನೊಂದು ಸಾಕ್ಷಿ ಕಂಬಗಳ ನಡುವಿನ ಜಾಗ. ಈಗ ಕಂಬದ ಬುಡದ ದಪ್ಪ ಸುಮಾರು 5 ಅಡಿ. ಒಂದು ಕಂಬದ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಸುಮಾರು 15 ಅಡಿ. ನಡುವೆ 10 ಅಡಿ ಖಾಲಿ, ಅಂದರೆ ಕಂಬದ ದಪ್ಪದ ಎರಡು ಪಟ್ಟು. ಆ ಕಾಲದ ರೋಮಿನ ದೊಡ್ಡ ಕೊರಿಂಥಿಯನ್ ಗುಡಿಗಳಲ್ಲಿ ಕಂಬಗಳು ಸಾಮಾನ್ಯವಾಗಿ ಇದಕ್ಕಿಂತ ಒತ್ತಾಗಿ ನಿಲ್ಲುತ್ತಿದ್ದವು, ನಡುವಿನ ಜಾಗ ದಪ್ಪದ ಒಂದೂವರೆ ಪಟ್ಟು ಇರುತ್ತಿತ್ತು. ಈಗ 50 ಅಡಿಯ ಕಾಂಡ ಹಾಕಿ. ಅದರ ದಪ್ಪ 6 ಅಡಿಗೆ ಬರುತ್ತದೆ. 15ರಲ್ಲಿ 6 ಹೋದರೆ 9. ಅದು 6ರ ಒಂದೂವರೆ ಪಟ್ಟು! ತಳಪಾಯ ಹಾಕಿದ್ದು ದಪ್ಪ ಕಂಬಕ್ಕೆ, ಬಂದು ನಿಂತಿದ್ದು ಸಣ್ಣ ಕಂಬ. ಈ ಲೆಕ್ಕ ಮೊದಲು ಮಾಡಿ ನೋಡಿದಾಗ ನನಗೆ ಮೈ ಜುಂ ಅಂದಿತ್ತು. ಎರಡು ತ್ರಿಕೋನವನ್ನು ಬೇರೆ ಏನೋ ಕಾರಣ ಹೇಳಿ ತಳ್ಳಿಹಾಕಬಹುದು. ನೆಲದ ಮೇಲಿನ ಈ ಅಳತೆಯನ್ನು ತಳ್ಳಿಹಾಕುವುದು ಕಷ್ಟ.

ಮುಂದಿನ ತ್ರಿಕೋನ ಕಂಬಗಳ ಮೇಲೆ ಸ್ವಲ್ಪ ಭಾರವಾಗಿ ಕೂತಂತೆ ಕಾಣುವುದಕ್ಕೂ ಇದೇ ಕಾರಣ ಅನಿಸುತ್ತದೆ. ಅಗಲ ದೊಡ್ಡ ಕಂಬದ್ದು, ಎತ್ತರ ಸಣ್ಣ ಕಂಬದ್ದು.

ಮರುಭೂಮಿಯ ಕ್ವಾರಿ

ಹತ್ತಡಿ ವ್ಯತ್ಯಾಸ ತಾನೇ, ಅದಕ್ಕೇನು ಅಷ್ಟು ಕಷ್ಟ ಅನ್ನಬಹುದು. ಕಲ್ಲಿನ ಕೆಲಸ ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ಉದ್ದ ಕಾಲುಪಾಲು ಹೆಚ್ಚಾದರೆ ದಪ್ಪವೂ ಅಷ್ಟೇ ಹೆಚ್ಚಾಗಬೇಕು, ಇಲ್ಲದಿದ್ದರೆ ಕಂಬ ಕಡ್ಡಿಯಂತಾಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಒಂದೂಕಾಲು ಪಟ್ಟಾದರೆ ತೂಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 40 ಅಡಿಯ ಕಾಂಡ 50 ಟನ್ ದಾಟುತ್ತದೆ. 50 ಅಡಿಯದು 100 ಟನ್ ಮುಟ್ಟುತ್ತದೆ.

ಮಾನ್ಸ್ ಕ್ಲಾಡಿಯಾನಸ್ ಇರುವುದು ನೈಲ್ ನದಿಗೂ ಕೆಂಪು ಸಮುದ್ರಕ್ಕೂ ನಡುವಿನ ಬೋಳು ಬೆಟ್ಟಗಳಲ್ಲಿ. ಸುತ್ತಮುತ್ತ ಬೆಳೆ ಇಲ್ಲ, ಮರ ಇಲ್ಲ. ಅಲ್ಲಿಂದ ನದಿಗೆ 100 ಕಿಲೋಮೀಟರಿಗೂ ಜಾಸ್ತಿ. 1987ರಿಂದ 1993ರವರೆಗೆ ಅಲ್ಲಿ ಉತ್ಖನನ ನಡೆಯಿತು. ಮಡಕೆ ಚೂರುಗಳ ಮೇಲೆ ಬರೆದ ಚೀಟಿಗಳು ಸಾವಿರಗಟ್ಟಲೆ ಸಿಕ್ಕವು. ನೀರಿನ ಪಾಲು, ಕೂಲಿ, ಕಾಳು, ಉಪಕರಣ, ಎಲ್ಲದರ ಲೆಕ್ಕ. ಒಂದು ಚೂರಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ನೀರು ಹಂಚಿದ ಪಟ್ಟಿ ಇದೆ. ಇಂತಹ ಜಾಗದಲ್ಲಿ ಕೆಲಸ ಮಾಡಿದವರು ಸಂಕೋಲೆ ಹಾಕಿದ ಕೈದಿಗಳು ಅಂತ ಹಿಂದೆಲ್ಲ ಬರೆಯುತ್ತಿದ್ದರು. ಚೀಟಿಗಳು ಬೇರೆ ಕಥೆ ಹೇಳಿದವು. ಬಹಳ ಮಂದಿ ಸಂಬಳಕ್ಕೆ ಬಂದ ಕಸುಬುದಾರ ಕಲ್ಕುಟಿಗರು.

ಬಂಡೆ ಸೀಳಲು ಅವರು ಬಳಸಿದ ಉಪಾಯ ನಮಗೆ ಹೊಸದಲ್ಲ. ಗೆರೆ ಹಾಕಿ, ಆ ಗೆರೆಯುದ್ದಕ್ಕೂ ಸಣ್ಣ ಗುಳಿ ತೋಡಿ, ಗುಳಿಗೊಂದು ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೆ ಹೊಡೆಯುತ್ತಾ ಹೋಗುವುದು. ಹಂಪಿಯ ಬಂಡೆಗಳ ಮೇಲೆ ಹಲ್ಲಿನ ಸಾಲಿನಂತೆ ಕಾಣುವ ಗುಳಿಗಳು ಇದೇ ಕೆಲಸದ ಗುರುತು. ಬಂಡೆ ಗೆರೆಗೆ ಸರಿಯಾಗಿ ಸೀಳಿತೋ ಬದುಕಿದಿರಿ. ಒಳಗೆಲ್ಲೋ ಒಂದು ಬಿರುಕು ಅಡಗಿ ಕೂತಿದ್ದರೆ ತಿಂಗಳುಗಳ ಕೆಲಸ ಮಣ್ಣುಪಾಲು. ಆ ಕ್ವಾರಿಯಲ್ಲಿ ಇವತ್ತಿಗೂ ಒಂದು ದೈತ್ಯ ಕಂಬ ಬಿದ್ದಿದೆ. ಉದ್ದ ಸುಮಾರು 18 ಮೀಟರ್, ತೂಕ 200 ಟನ್ ಆಸುಪಾಸು. ಬಿರುಕು ಬಿಟ್ಟಿತು, ಅಲ್ಲೇ ಬಿಟ್ಟು ಹೋದರು. ಉದ್ದ ಹೆಚ್ಚಿದಷ್ಟೂ ಬಿರುಕಿಲ್ಲದ ಬಂಡೆ ಸಿಗುವುದು ಕಷ್ಟ. ಅದಕ್ಕೇ 40 ಅಡಿಯದು ಸಿಗುವಷ್ಟು ಸುಲಭವಾಗಿ 50 ಅಡಿಯದು ಸಿಗುತ್ತಿರಲಿಲ್ಲ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಒಂದು ಪಪೈರಸ್ ಕಾಗದ. ಜರ್ಮನಿಯ ಗೀಸೆನ್ ಸಂಗ್ರಹದಲ್ಲಿದೆ, ನಂಬರ್ 69. ಬರೆದಿದ್ದು ಹೇಡ್ರಿಯನ್ ಪಟ್ಟಕ್ಕೆ ಬಂದ ಹೊಸತರಲ್ಲಿ, 118 ಅಥವಾ 119ರ ಹೊತ್ತಿಗೆ. ಈಜಿಪ್ಟಿನಲ್ಲಿ ಒಬ್ಬ ಅಧಿಕಾರಿಗೆ ಹೋದ ಪತ್ರ. ವಿಷಯ ಇಷ್ಟೇ: ಬೇಗ ಬಾರ್ಲಿ ಕಳಿಸಿ. ಯಾಕೆಂದರೆ 50 ಅಡಿಯ ಕಂಬವೊಂದನ್ನು ಇಳಿಸಿ ತರಲು ತುಂಬಾ ಪ್ರಾಣಿಗಳನ್ನು ಕಟ್ಟಿಕೊಂಡಿದ್ದೇವೆ, ಮೇವು ಮುಗಿಯುತ್ತಾ ಬಂದಿದೆ. ಥಿಯೋಡೋರ್ ಪೆನ್ಯಾ 1989ರಲ್ಲಿ ಈ ಪತ್ರವನ್ನು ಕಂಬಗಳ ಚರ್ಚೆಗೆ ತಂದರು. ಅಂದರೆ 50 ಅಡಿಯ ಕಂಬ ಬರೀ ವಿದ್ವಾಂಸರ ಊಹೆಯಲ್ಲ. ಪ್ಯಾಂಥಿಯನ್ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ ಅಂತಹದೊಂದು ಕಂಬ ಮರುಭೂಮಿಯ ದಾರಿಯಲ್ಲಿತ್ತು, ಅದನ್ನೆಳೆಯುವ ಪ್ರಾಣಿಗಳಿಗೆ ಮೇವಿರಲಿಲ್ಲ. ಯಾವ ಕಟ್ಟಡಕ್ಕೆ ಅಂತ ಪತ್ರದಲ್ಲಿ ಬರೆದಿಲ್ಲ. ಬರೆದಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು.

ನದಿ ಮುಟ್ಟಿದ ಮೇಲೂ ಪ್ರಯಾಣ ಉದ್ದ. ನೈಲ್‌ನಲ್ಲಿ ದೋಣಿ ಮೇಲೆ ಅಲೆಕ್ಸಾಂಡ್ರಿಯಕ್ಕೆ. ಅಲ್ಲಿಂದ ಹಡಗಿನಲ್ಲಿ ಇಟಲಿಗೆ. ಬಂದರಿನಲ್ಲಿ ಮತ್ತೆ ದೋಣಿಗೆ ಇಳಿಸಿ, ಟೈಬರ್ ನದಿಯ ಎದುರು ಹರಿವಿನಲ್ಲಿ ರೋಮಿಗೆ.

ಕಲ್ಲು ಎಲ್ಲಿ ಹೋಯಿತು

ಇಲ್ಲಿಂದ ಮುಂದೆ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಹಡಗು ಮುಳುಗಿರಬಹುದು ಅನ್ನೋದು ಒಂದು ಊಹೆ. ಹೇಳಲು ರೋಚಕವಾಗಿದೆ, ನನಗೆ ಮಾತ್ರ ಒಪ್ಪಿಗೆಯಾಗುವುದಿಲ್ಲ. ಬೂದು ಕಂಬ ಒಂದು ಕ್ವಾರಿಯದು, ಗುಲಾಬಿ ಕಂಬ ಇನ್ನೊಂದರದು. ಎರಡೂ 40 ಅಡಿಯವೇ. ಒಂದು ಹಡಗು ಮುಳುಗಿದರೆ ಒಂದು ಕಡೆಯ ಕಲ್ಲು ಹೋಗುತ್ತದೆ. ಗುಲಾಬಿ ಕಂಬಗಳು ಉದ್ದವಾಗಿಯೇ ಬಂದಿದ್ದವು, ಕತ್ತರಿಸಿ ಗಿಡ್ಡ ಮಾಡಿದರು ಅನ್ನಬಹುದಲ್ಲ? ಉದ್ದ ಕತ್ತರಿಸಬಹುದು, ಆದರೆ ದಪ್ಪ? ಅಷ್ಟು ಗಟ್ಟಿ ಗ್ರಾನೈಟನ್ನು ಸುತ್ತಲೂ ಅರ್ಧ ಅಡಿ ಇಳಿಸಿ ಮತ್ತೆ ನುಣುಪು ಮಾಡುವುದಕ್ಕಿಂತ ಬೇರೆ ತರಿಸುವುದೇ ಮೇಲು. 20, 30, 40, 50 ಅಡಿ ಅಂತ ಲೆಕ್ಕದ ಉದ್ದಗಳಲ್ಲೇ ಕಾಂಡಗಳನ್ನು ತೆಗೆಯುತ್ತಿದ್ದರು. 40 ಅಡಿಯದಕ್ಕೇ ತೃಪ್ತಿಪಡೋಣ ಅಂತ ಮೇಲಿನವರು ಯಾರೋ ಕೂತು ತೀರ್ಮಾನ ಮಾಡಿದ ಹಾಗಿದೆ.

ರಬುನ್ ಟೇಲರ್ ಇನ್ನೊಂದು ಕಾರಣ ಮುಂದಿಟ್ಟರು. ಕಂಬ ತಂದರೆ ಸಾಲದು, ನಿಲ್ಲಿಸಬೇಕು. ಮಲಗಿಸಿದ ಕಂಬವನ್ನು ಎತ್ತಿ ನೆಟ್ಟಗೆ ಮಾಡಲು ಅದರ ಉದ್ದದಷ್ಟಾದರೂ ಜಾಗ ಬೇಕು, ಅಕ್ಕಪಕ್ಕ ಮರದ ಗೋಪುರ ಬೇಕು, ಹಗ್ಗ ಎಳೆಯುವ ರಾಟೆಗಳಿಗೆ ನೆಲ ಬೇಕು. ಹಿಂದೆ ಗೋಡೆ ಎದ್ದಿದೆ. 50 ಅಡಿಯ ಕಂಬಗಳನ್ನು ಒಳಗಿನ ಸಾಲುಗಳಲ್ಲಿ ನಿಲ್ಲಿಸಲು ಜಾಗವೇ ಸಾಲುತ್ತಿರಲಿಲ್ಲ ಅನ್ನೋದು ಅವರ ವಾದ. ಸೈಟಿನಲ್ಲಿ ನಿಂತು ಯೋಚಿಸಿದವರ ಮಾತಿನ ಹಾಗಿದೆ. ಆದರೂ 43 ಮೀಟರ್ ಗುಮ್ಮಟಕ್ಕೆ ಮರದ ಅಚ್ಚು ಕಟ್ಟುವವರು ಇಷ್ಟನ್ನು ಮೊದಲೇ ಲೆಕ್ಕ ಹಾಕಿರಲಿಲ್ಲವೇ ಅನಿಸುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮೂರನೆಯದು. 117ರಲ್ಲಿ ಟ್ರಾಜನ್ ತೀರಿಕೊಂಡ. ಅವನನ್ನು ದೇವರ ಸಾಲಿಗೆ ಸೇರಿಸಿದರು. ದೇವರಾದ ಮೇಲೆ ಗುಡಿ ಆಗಬೇಕಲ್ಲ. ದತ್ತುಮಗನಾಗಿ ಪಟ್ಟ ಏರಿದ ಹೇಡ್ರಿಯನ್‌ಗೆ ಆ ಗುಡಿ ಕಟ್ಟುವುದು ಎಲ್ಲಕ್ಕಿಂತ ಮೊದಲ ಕರ್ತವ್ಯ. ತಾನೇ ನಿಜವಾದ ವಾರಸುದಾರ ಅಂತ ಊರಿಗೆ ತೋರಿಸಬೇಕಿತ್ತು. ರೋಮಿನ ಟ್ರಾಜನ್ ಸ್ತಂಭದ ಹತ್ತಿರ ಒಂದು ಭಾರಿ ಬೂದು ಗ್ರಾನೈಟ್ ಕಂಬದ ತುಂಡು ಬಿದ್ದಿದೆ. ಅದು ಆ ಗುಡಿಯದು ಅಂತ ಹೇಳುತ್ತಾರೆ. ಅದೂ ಮಾನ್ಸ್ ಕ್ಲಾಡಿಯಾನಸ್ ಕಲ್ಲೇ. ಅದರ ದಪ್ಪ ನೋಡಿದರೆ ಪೂರ್ತಿ ಕಾಂಡ 50 ಅಡಿಯದಿರಬೇಕು. ಪ್ಯಾಂಥಿಯನ್‌ಗೆ ಅಂತ ಹೊರಟಿದ್ದ ಕಲ್ಲು ದಾರಿಯಲ್ಲೇ ಇನ್ನೊಂದು ಕೆಲಸಕ್ಕೆ ತಿರುಗಿತು ಅನ್ನೋದು ಈ ವಾದ. ಯಜಮಾನ ಬದಲಾದ ಸರ್ಕಾರಿ ಕೆಲಸಗಳಲ್ಲಿ ಸಾಮಾನು ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುವುದು ಯಾವ ಕಾಲದಲ್ಲೂ ಇದ್ದದ್ದೇ. ಪೂರ್ತಿ ಸಾಬೀತಾಗಿಲ್ಲ. ಆದರೆ ಕಲ್ಲು, ಕಾಲ, ರಾಜಕೀಯ ಮೂರೂ ಒಟ್ಟಿಗೆ ಸೇರುವುದು ಇದರಲ್ಲಿ ಮಾತ್ರ.

50 ಅಡಿಯ ವಾದವನ್ನೇ ಒಪ್ಪದವರೂ ಇದ್ದಾರೆ. ಎರಡನೇ ತ್ರಿಕೋನ ಬೇಕೆಂದೇ ಮಾಡಿದ್ದು, ದೂರದಿಂದ ನೋಡುವವರಿಗೆ ಕಟ್ಟಡ ಎತ್ತರವಾಗಿ ಕಾಣಲಿ ಅಂತ ಇಟ್ಟಿದ್ದು ಅನ್ನುತ್ತಾರೆ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆಗ ಮುಂದೆ ಉದ್ದನೆಯ ಅಂಗಳ ಇತ್ತು, ಅದರ ಎರಡೂ ಬದಿಗೆ ಕಂಬಗಳ ಸಾಲು. ಅಂಗಳದಿಂದ ನೋಡುವವರಿಗೆ ಮುಖಮಂಟಪವೇ ಎದುರಿಗೆ, ದುಂಡು ಕಟ್ಟಡ ಅದರ ಹಿಂದೆ ಮರೆ. ಆದರೆ ಬೇಕೆಂದೇ ಮಾಡಿದ್ದಾದರೆ ಪಟ್ಟಿಗಳು ಯಾಕೆ ಕೂಡುವುದಿಲ್ಲ, ಕಂಬಗಳು ಯಾಕೆ ಇಷ್ಟು ದೂರ ನಿಂತವು? ಅದಕ್ಕೆ ಅವರ ಹತ್ತಿರ ತೃಪ್ತಿಕರ ಉತ್ತರ ನಾನು ನೋಡಿಲ್ಲ.

ನೆಲದ ಮೇಲಿನ ನಕ್ಷೆ

40 ಅಡಿ ಅಂತ ತೀರ್ಮಾನವಾದ ಮೇಲೆ ಕೆಲಸ ಹೇಗೆ ನಡೆಯಿತು ಅನ್ನೋದಕ್ಕೆ ಒಂದು ಅಪರೂಪದ ಗುರುತು ಉಳಿದಿದೆ. ಪ್ಯಾಂಥಿಯನ್‌ನಿಂದ ಉತ್ತರಕ್ಕೆ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಟೈಬರ್ ನದಿಯ ಹತ್ತಿರ, ಅಗಸ್ಟಸ್ ಚಕ್ರವರ್ತಿಯ ಸಮಾಧಿ ಇದೆ. ಅದರ ಮುಂದಿನ ಕಲ್ಲುಹಾಸಿನ ಮೇಲೆ ಗೀರಿದ ಗೆರೆಗಳಿವೆ. ತ್ರಿಕೋನದ ಓರೆ, ಬೋದಿಗೆಯ ಆಕಾರ, ಎಲ್ಲವೂ ನಿಜವಾದ ಅಳತೆಯಲ್ಲೇ. ಲೋಥಾರ್ ಹಾಸೆಲ್‌ಬರ್ಗರ್ 1994ರಲ್ಲಿ ಈ ಗೆರೆಗಳನ್ನು ಪ್ಯಾಂಥಿಯನ್ ಮುಖಮಂಟಪಕ್ಕೆ ಹೋಲಿಸಿ ನೋಡಿದರು. ತಾಳೆಯಾಯಿತು.

ನದಿ ದಡದಲ್ಲಿ ಕಲ್ಲು ಇಳಿಸಿ, ಅಲ್ಲೇ ನೆಲದ ಮೇಲೆ ಪೂರ್ತಿ ಅಳತೆಯ ನಕ್ಷೆ ಬರೆದು, ಅದಕ್ಕೆ ಸರಿಯಾಗಿ ತುಂಡುಗಳನ್ನು ಕೆತ್ತಿ, ಆಮೇಲೆ ಸೈಟಿಗೆ ಸಾಗಿಸಿದ್ದಾರೆ. ಕಾಗದದ ಮೇಲಿನ ಸಣ್ಣ ಚಿತ್ರ ನಂಬಿ ಕೆತ್ತಿದರೆ ಬೆರಳಗಲದ ತಪ್ಪು ಮೇಲೆ ಹೋಗುವಷ್ಟರಲ್ಲಿ ಮೊಳದಷ್ಟಾಗುತ್ತದೆ. ನಮ್ಮಲ್ಲೂ ದೊಡ್ಡ ಕಮಾನಿಗೆ ನೆಲದ ಮೇಲೆ ಪೂರ್ತಿ ಗೆರೆ ಹಾಕಿಯೇ ಮೇಸ್ತ್ರಿಗಳು ಕೆಲಸ ಶುರು ಮಾಡುತ್ತಾರೆ. ಯೋಜನೆ ಕೆಟ್ಟ ಮೇಲೂ ಇವರು ಕೈಬಿಟ್ಟು ಕೂರಲಿಲ್ಲ. ಸಿಕ್ಕ ಕಂಬಕ್ಕೆ ಹೊಸ ಲೆಕ್ಕ ಹಾಕಿ, ಪೀಠ ಬೋದಿಗೆಗಳ ಪ್ರಮಾಣ ಉಳಿಸಿ, ಅಂಚು ಅಂಚಿಗೂ ಕೆತ್ತನೆ ಮಾಡಿ ನಿಲ್ಲಿಸಿದರು. ಕಂಬದ ಮಟ್ಟಿಗೆ ನೋಡಿದರೆ ಎಲ್ಲೂ ಕೊರತೆ ಕಾಣುವುದಿಲ್ಲ. ಕಾಣುವುದು ಹಿಂದಿನ ಕಟ್ಟಡಕ್ಕೆ ಸೇರುವ ಜಾಗದಲ್ಲಿ ಮಾತ್ರ.

ಆಮೇಲೆ ಆಗಿದ್ದು

609ರಲ್ಲಿ ಪೋಪ್ ನಾಲ್ಕನೇ ಬೋನಿಫೇಸ್ ಇದನ್ನು ಚರ್ಚ್ ಮಾಡಿದ. ಕಟ್ಟಡ ಉಳಿದಿದ್ದಕ್ಕೆ ಅದೇ ಕಾರಣ. ಮುಖಮಂಟಪಕ್ಕೆ ಮಾತ್ರ ಅಷ್ಟು ಒಳ್ಳೆಯ ಕಾಲ ಇರಲಿಲ್ಲ. ಎಡಬದಿ, ಅಂದರೆ ಪೂರ್ವದ ಬದಿ, ಹಾಳಾಯಿತು. ಅಲ್ಲಿನ ಮೂರು ಕಂಬಗಳು ಹೋದವು. ಮೂಲೆಯ ಕಂಬವನ್ನು ಬಾರ್ಬೆರಿನಿ ಮನೆತನದ ಪೋಪ್ ಎಂಟನೇ ಅರ್ಬನ್ 1620ರ ದಶಕದಲ್ಲಿ ಬದಲಾಯಿಸಿದ. ಉಳಿದೆರಡನ್ನು ಕಿಜಿ ಮನೆತನದ ಪೋಪ್ ಏಳನೇ ಅಲೆಕ್ಸಾಂಡರ್ 1660ರ ದಶಕದಲ್ಲಿ, ಪಕ್ಕದ ನೀರೋ ಸ್ನಾನಗೃಹದ ಅವಶೇಷಗಳಿಂದ ತರಿಸಿ ನಿಲ್ಲಿಸಿದ. ಮೂಲೆಯ ಬೋದಿಗೆಯಲ್ಲಿ ಎಲೆಗಳ ನಡುವೆ ಒಂದು ಜೇನುಹುಳ ಕೆತ್ತಿದ್ದಾರೆ. ಅದು ಬಾರ್ಬೆರಿನಿಗಳ ಗುರುತು. ಅದರ ಹಿಂದಿನ ಎರಡರಲ್ಲಿ ಕಿಜಿಗಳ ನಕ್ಷತ್ರವಿದೆ. ಮುಂದಿನ ಸಾಲಿನಲ್ಲಿ ಏಳು ಬೂದು ಕಂಬ, ಎಡತುದಿಯ ಒಂದು ಮಾತ್ರ ಕೆಂಪು ಛಾಯೆಯದು. ಕಾರಣ ಇದು.

ಅದೇ ಎಂಟನೇ ಅರ್ಬನ್ 1625ರಲ್ಲಿ ಇನ್ನೊಂದು ಕೆಲಸ ಮಾಡಿದ. ಮುಖಮಂಟಪದ ಚಾವಣಿಯನ್ನು ಹೊತ್ತಿದ್ದು ಮರದ ತೊಲೆಗಳಲ್ಲ, ಕಂಚಿನ ತೊಲೆಗಳು. ಕಂಚಿನ ತಗಡುಗಳನ್ನು ಬಾಗಿಸಿ ಮೊಳೆ ಹೊಡೆದು ಮಾಡಿದ್ದು. ಅವನ್ನು ಬಿಚ್ಚಿಸಿ ಕರಗಿಸಿದ. ಬಹುಪಾಲು ಸಂತ ಆಂಜೆಲೊ ಕೋಟೆಯ ಫಿರಂಗಿಗಳಿಗೆ ಹೋಯಿತು. ಬರ್ಬರರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಅಂತ ಆಗಲೇ ರೋಮಿನ ಜನ ಆಡಿಕೊಂಡರು. ನನಗೂ ಇದು ಕ್ಷಮಿಸುವಂಥದ್ದು ಅನಿಸುವುದಿಲ್ಲ. ಸಾವಿರದ ಐನೂರು ವರ್ಷ ನಿಂತಿದ್ದ ಲೋಹದ ಚಾವಣಿ ಅದು. ಅಷ್ಟು ಹಳೆಯದು ಅಷ್ಟು ದೊಡ್ಡದು ಇನ್ನೆಲ್ಲೂ ಉಳಿದಿಲ್ಲ. ಈಗ ಮೇಲೆ ನೋಡಿದರೆ ಮರದ ತೊಲೆಗಳು. ಕಂಚಿನ ಚಾವಣಿ ಹೇಗಿತ್ತು ಅನ್ನೋದು ಅದಕ್ಕೆ ಮುಂಚೆ ವಾಸ್ತುಶಿಲ್ಪಿಗಳು ಬರೆದಿಟ್ಟ ಚಿತ್ರಗಳಲ್ಲಿ ಮಾತ್ರ. ಆ ಪೋಪನ ಕಾಲದಲ್ಲೇ ನಡುವಿನ ಕಟ್ಟಡದ ಮೇಲೆ ಎರಡು ಗಂಟೆಗೋಪುರಗಳೂ ಬಂದವು. ಜನ ಅವನ್ನು ಕತ್ತೆಕಿವಿ ಅನ್ನುತ್ತಿದ್ದರು. 1883ರಲ್ಲಿ ತೆಗೆಸಿದರು, ಒಳ್ಳೆಯದಾಯಿತು.

ಪ್ಯಾಂಥಿಯನ್ ನೋಡಿ ಕಟ್ಟಿದ ಕಟ್ಟಡಗಳಲ್ಲಿ ಈ ಪ್ರಕರಣಕ್ಕೆ ಸಂಬಂಧಪಟ್ಟಿದ್ದು ಒಂದಿದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಥಾಮಸ್ ಜೆಫರ್ಸನ್ ಒಂದು ದುಂಡು ಕಟ್ಟಡ ಯೋಜಿಸಿದ. ಪ್ಯಾಂಥಿಯನ್‌ನ ಅರ್ಧ ಅಳತೆಯದು, 1820ರ ದಶಕದಲ್ಲಿ ಎದ್ದಿತು. ಅದರ ಮುಂದೆ ಆರು ಕಂಬಗಳ ಮುಖಮಂಟಪ. ಅಲ್ಲಿ ಕಂಬಗಳ ಮೇಲಿನ ಪಟ್ಟಿ ಎಲ್ಲೂ ಕಡಿಯದೆ ದುಂಡು ಗೋಡೆಯ ಸುತ್ತ ಒಂದೇ ಮಟ್ಟದಲ್ಲಿ ಓಡುತ್ತದೆ. ರೋಮಿನಲ್ಲಿ ಕೂಡದೆ ಉಳಿದ ಗೆರೆಯನ್ನು ಜೆಫರ್ಸನ್ ಕೂಡಿಸಿದ. ಅವನಿಗಿಂತ ಮುಂಚೆಯೂ ಎಷ್ಟೋ ವಾಸ್ತುಶಿಲ್ಪಿಗಳು ಪ್ಯಾಂಥಿಯನ್ ಚಿತ್ರ ಬರೆಯುವಾಗಲೇ ಅಲ್ಲಲ್ಲಿ ತಿದ್ದಿ ಬರೆದಿದ್ದಾರೆ. ಕಣ್ಣಿಗೆ ಕಂಡಿದ್ದನ್ನು ಕೈ ಒಪ್ಪಲಿಲ್ಲ.

ಯಾವತ್ತಾದರೂ ರೋಮಿಗೆ ಹೋದರೆ ಒಂದು ಕೆಲಸ ಮಾಡಿ. ಮುಂದೆ ಚೌಕದ ಕಾರಂಜಿಯ ಹತ್ತಿರ ನಿಂತರೆ ಎರಡನೇ ತ್ರಿಕೋನ ಕಾಣುತ್ತದೆ, ಆದರೆ ಅದು ಅರ್ಧ ಕಥೆ. ಬಲಬದಿಗೆ ಸರಿದು, ಮುಖಮಂಟಪ ಮುಗಿದು ನಡುವಿನ ಕಟ್ಟಡ ಶುರುವಾಗುವ ಜಾಗವನ್ನು ಪಕ್ಕದಿಂದ ನೋಡಿ. ಕಂಬಗಳ ಮೇಲಿನ ಪಟ್ಟಿ ಎಲ್ಲಿ ನಿಲ್ಲುತ್ತದೆ, ಗೋಡೆಯ ಪಟ್ಟಿ ಅದಕ್ಕಿಂತ ಎಷ್ಟು ಮೇಲೆ ಓಡುತ್ತದೆ ಅಂತ ಕಣ್ಣಲ್ಲೇ ಅಳೆಯಿರಿ. ಆಮೇಲೆ ಮುಖಮಂಟಪದೊಳಗೆ ಬಂದು ಎರಡು ಕಂಬಗಳ ನಡುವೆ ನಿಂತು ಎರಡೂ ಕೈ ಚಾಚಿ. ಎಷ್ಟು ಜಾಗ ಮಿಕ್ಕುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.